ಪ್ಲೇಟಿನೊಳಗೆ ನಕ್ಕವನು

ಅಥವಾ ನಾವು ಮೂವರು ಕೂಡುತ್ತಿದ್ದ ಆ ದಿನ ಶುಕ್ರವಾರ ಆಗಿರಲೇ ಇಲ್ಲವೇನೋ. ಇಷ್ಟು ವರ್ಷ ಶುಕ್ರವಾರವೆಂದೇ ಹೇಳಿಕೊಂಡು ಬಂದಿದ್ದೇನೆ. ನಿಜಾಮರ ಕಾಲದಲ್ಲಿ ಕಚೇರಿಗಳಿಗೆ ವಾರದ ರಜೆ ಶುಕ್ರವಾರ, ರಜೆಯಿಲ್ಲದ ದಿನ ಮೂವರು ಸಂಸಾರಸ್ಥರು ಹಾಡುವ ಪೆಟ್ಟಿಗೆಯ ಮುಂದೆ ಕಾಲು ಮಡಚಿ ಕೂರುವುದು ಆಗದ ಮಾತು, ಆದ್ದರಿಂದ ಶುಕ್ರವಾರ. ಇದನ್ನು ನೆನಪು ಅನ್ನುವುದಕ್ಕಿಂತ ಲೆಕ್ಕಾಚಾರ ಅನ್ನಬೇಕು. ನನ್ನ ನೆನಪುಗಳಲ್ಲಿ ಬಹಳಷ್ಟು ಹೀಗೇ ಕೂಡಿ ಕಳೆದು ಮಾಡಿದಂಥವು, ಅದರಲ್ಲೂ ಚೊಕ್ಕಟವಾಗಿ, ಹಿಂದುಮುಂದು ಸರಿಯಾಗಿ ಹೊಂದಿಕೊಂಡು ಬರುವ ನೆನಪನ್ನು ಕಂಡರೆ ನನಗೆ ಮೊದಲು ಅನುಮಾನ. ಆದರೆ ಹೊಟ್ಟೆಕಿಚ್ಚಿನ ವಿಷಯದಲ್ಲಿ ಅನುಮಾನವಿಲ್ಲ. ಅದು ಎದೆಯ ಕೆಳಗೆ, ಎಡಕ್ಕೆ, ಹಸಿಮೆಣಸಿನಕಾಯಿ ಕಚ್ಚಿ ನುಂಗಿದ ಹಾಗೆ ಕೂತದ್ದು ಈಗಲೂ ಹಾಗೆಯೇ ಗೊತ್ತಿದೆ. ಲೋಕದ ಜನ ಇನ್ನೊಬ್ಬರ ಹೊಲ, ಮನೆ, ಹುದ್ದೆ ನೋಡಿ ಹೊಟ್ಟೆಕಿಚ್ಚು ಪಡುತ್ತಾರೆ. ಅದಕ್ಕೊಂದು ಗಾಂಭೀರ್ಯವಿದೆ, ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ನಾನು ಹೊಟ್ಟೆಕಿಚ್ಚು ಪಟ್ಟದ್ದು ಸಿಂಧನೂರಿನ ಒಬ್ಬ ಅರಿವೆ ವ್ಯಾಪಾರಿಯ ಕಿವಿಗಳನ್ನು ನೋಡಿ.

ಅವನ ಹೆಸರು ಮಹಾದೇವಪ್ಪ. ಹಣೆಯ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು. ಕಿವಿಗಳೋ, ಹೇಳಿಕೊಳ್ಳುವಂಥವೇನಲ್ಲ. ಸಣ್ಣವು, ಮುದುಡಿದವು, ಅಂಚಿನಲ್ಲಿ ಒಂದಿಷ್ಟು ಕೂದಲು. ನನ್ನವು ಅವನವಕ್ಕಿಂತ ಎಷ್ಟೋ ದೊಡ್ಡವು. ದೊಡ್ಡ ಕಿವಿಯಿದ್ದವರಿಗೆ ಹೆಚ್ಚು ಕೇಳಬೇಕೆಂಬ ನಿಯಮವಿಲ್ಲ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಪೆಟ್ಟಿಗೆ ಮಾತ್ರ ನನ್ನದು. ನಾನು ಲಿಂಗಸೂಗೂರಿನ ತಹಶೀಲು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹಟ್ಟಿಯ ಚಿನ್ನದ ಗಣಿಯ ಕಡೆ ಬಂದು ಇದ್ದ ಒಬ್ಬ ಬಿಳಿಯ ಸಾಹೇಬ ಯುದ್ಧ ಶುರುವಾದ ಮೇಲೆ ಊರು ಬಿಟ್ಟು ಹೊರಟಾಗ ಅವನ ಸಾಮಾನೆಲ್ಲ ಹರಾಜಿಗೆ ಬಂತು. ಕುರ್ಚಿ, ದೀಪ, ಬೂಟುಗಳನ್ನು ತಿಳಿದವರು ಕೊಂಡರು. ನಾನು ಗ್ರಾಮಫೋನು ಕೊಂಡೆ. ಅದರ ಜೊತೆಗೆ ಒಂದು ಗೋಣಿಚೀಲದ ತುಂಬ ಅರಗಿನ ಪ್ಲೇಟುಗಳು, ಈಗಿನವರು ರೆಕಾರ್ಡು ಅನ್ನುವಂಥವು, ಬಂದವು. ಮನೆಗೆ ತಂದು ಚಾವಿ ಕೊಟ್ಟು ಹಾಕಿ ನೋಡಿದರೆ ಒಂದರಲ್ಲೂ ಹಾಡಿಲ್ಲ! ಬರೀ ತುತ್ತೂರಿಗಳು, ಡೋಲುಗಳು, ಯಾರೋ ಅವಸರದಲ್ಲಿ ಮೆಟ್ಟಿಲು ಇಳಿದಂಥ ಪಿಯಾನೋ. ಒಂದು ತುತ್ತೂರಿ ಒಂದು ಮಾತು ಹೇಳುವಷ್ಟರಲ್ಲಿ ಇನ್ನೊಂದು ಬಾಯಿ ಹಾಕುತ್ತಿತ್ತು. ಮೂರನೆಯದು ಇಬ್ಬರನ್ನೂ ಬೈಯುತ್ತಿತ್ತು. ಪ್ಲೇಟಿನ ನಡುವೆ ಅಂಟಿಸಿದ ಕಾಗದದ ಮೇಲಿನ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಿದಾಗ ‘ಜಾಜ್’ ಎಂದಿತ್ತು. ಅಂದರೇನೆಂದು ಕಚೇರಿಯಲ್ಲಿ ವಿಚಾರಿಸಿದೆ. ನನ್ನ ಮೇಲಿನ ಅಧಿಕಾರಿ ಪೇಷ್ಕಾರರು ಬಹಳ ಹೊತ್ತು ಯೋಚಿಸಿ, “ಅದು ಅವರ ಮದುವಿ ಬಾಜಾ ಇರಬೇಕ್ರಿ,” ಅಂದರು. ಮೊದಲ ವಾರ ನನಗೂ ಹಾಗೇ ಅನ್ನಿಸಿತ್ತು. ಎರಡನೆಯ ವಾರ ಆ ಗದ್ದಲವಿಲ್ಲದೆ ಊಟ ರುಚಿಸದಂತಾಯಿತು. ಹೇಗಾಯಿತೆಂದು ಕೇಳಬೇಡಿ, ಗೊತ್ತಿದ್ದರೆ ಹೇಳುತ್ತಿದ್ದೆ.

ಕೇಳುವ ಚಟ ಒಬ್ಬನಿಗೇ ನಿಲ್ಲುವುದಿಲ್ಲ. ಮಹಾದೇವಪ್ಪ ಒಂದು ಜಮೀನಿನ ಕಾಗದಕ್ಕಾಗಿ ಕಚೇರಿಗೆ ಬಂದವನು ನನ್ನ ಮನೆಯಲ್ಲಿ ನೀರು ಕುಡಿಯಲು ಕೂತು, ಪ್ಲೇಟು ಕೇಳಿ, ಕಾಗದ ಮರೆತು ಹೋದ. ಮುಂದಿನ ಶುಕ್ರವಾರ (ಶುಕ್ರವಾರವೆಂದೇ ಇಟ್ಟುಕೊಳ್ಳೋಣ) ಮಸ್ಕಿಯ ದವಾಖಾನೆಯ ಕಂಪೌಂಡರ್ ಖಾಜಾ ಸಾಹೇಬರನ್ನು ಜೊತೆಗೆ ಕರೆತಂದ. ಪೆಟ್ರೋಲು ಸಿಗದ ಆ ದಿನಗಳಲ್ಲಿ ನಮ್ಮ ಕಡೆಯ ಬಸ್ಸು ಇದ್ದಲು ಉರಿಸಿಕೊಂಡು ಓಡುತ್ತಿತ್ತು. ಇವನು ಸಿಂಧನೂರಿನಲ್ಲಿ ಹತ್ತಿದರೆ ಅವರು ಮಸ್ಕಿಯಲ್ಲಿ ಹತ್ತುತ್ತಿದ್ದರು. ಲಿಂಗಸೂಗೂರಿನಲ್ಲಿ ಇಳಿಯುವಾಗ ಇಬ್ಬರ ಮುಖವೂ ಒಂದೇ ಬಣ್ಣ.

ನಾವು ಮೂವರೂ ಮೂರು ಪಂಥ. ಮಹಾದೇವಪ್ಪ ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಏನನ್ನೋ ತಿಕ್ಕುತ್ತ ಕೇಳುತ್ತಿದ್ದ. ಅರಿವೆಯ ನೇಯ್ಗೆ ನೋಡಿದಂತೆ ಧ್ವನಿಯ ಪೋತ ನೋಡುವವನ ಹಾಗೆ. “ಈ ತುತ್ತೂರಿ ಜಾಡಿ ಕಂಬಳಿ ಆತ್ರಿ. ಆ ಸಣ್ಣದು ಐತೆಲ್ಲ, ಅದು ಮಲಮಲ್,” ಅನ್ನುತ್ತಿದ್ದ. ಖಾಜಾ ಸಾಹೇಬರು ತಮ್ಮ ನಾಡಿಯನ್ನು ತಾವೇ ಹಿಡಿದುಕೊಂಡು ಕೇಳುತ್ತಿದ್ದರು. ಡೋಲಿನ ಏಟಿಗೂ ನಾಡಿಗೂ ಹೊಂದಿದರೆ ಪ್ಲೇಟು ಒಳ್ಳೆಯದು, ಹೊಂದದಿದ್ದರೆ “ಇವರಿಗೆ ಜ್ವರಾ ಬಂದಾವ,” ಎಂದು ತೀರ್ಪು. ನಾನು ಯಜಮಾನ. ಪ್ಲೇಟು ಒರೆಸುವುದು, ಚಾವಿ ಕೊಡುವುದು, ಉಕ್ಕಿನ ಪಿನ್ನು ಬದಲಿಸುವುದು ನನ್ನ ಕೆಲಸ. ಕೇಳುವುದಕ್ಕಿಂತ ಕೇಳಿಸುವುದರಲ್ಲೇ ನನ್ನ ಸುಖವಿತ್ತು ಅಂತ ಕಾಣುತ್ತದೆ. ಆಗ ಹಾಗೆ ಯಾರಾದರೂ ಅಂದಿದ್ದರೆ ಜಗಳವಾಡುತ್ತಿದ್ದೆ.

ಒಂದು ಮಧ್ಯಾಹ್ನ, ಹಸಿರು ಕಾಗದದ ಪ್ಲೇಟು ತಿರುಗುತ್ತಿದ್ದಾಗ, ಮಹಾದೇವಪ್ಪ ಕಣ್ಣು ತೆರೆಯದೆಯೇ ಹೇಳಿದ:

“ಅಲ್ಲೊಬ್ಬಾಂವ ನಕ್ಕ ನೋಡ್ರಿ.”

“ಎಲ್ಲಿ?” ಎಂದು ನಾನು ಬಾಗಿಲ ಕಡೆ ನೋಡಿದೆ.

“ಹೊರಗಲ್ಲರೀ ಶರಣಪ್ಪಾರ, ಪ್ಲೇಟಿನ್ಯಾಗ. ತುತ್ತೂರಿ ಮ್ಯಾಲ ಹೋಗಿ ಕೆಳಗ ಇಳಿಯಾಕತ್ತಾಗ ಹಿಂದ ಒಬ್ಬಾಂವ ಸಣ್ಣಗ ನಗತಾನ.”

“ಪಿನ್ನು ಸವದೈತಿ. ಅದರ ಕರಕರ ಅದು.”

“ಕರಕರ ಯಾವುದು, ನಗಿ ಯಾವುದು, ನನಗ ತಿಳಿಯೂದಿಲ್ಲೇನ್ರಿ? ಇನ್ನೊಮ್ಮಿ ಹಾಕ್ರಿ.”

ಹಾಕಿದೆ. ತುತ್ತೂರಿ ಮೇಲೆ ಹೋಯಿತು, ಕೆಳಗೆ ಇಳಿಯಿತು. ಖಾಜಾ ಸಾಹೇಬರು ನಾಡಿ ಬಿಟ್ಟು ತೊಡೆ ತಟ್ಟಿದರು. “ಅರೆ, ಹೌದಲ್ರೀ ಭಾಯಿ! ನಗಾಕತ್ತಾನ. ಮುಂದಿನ ಹಲ್ಲು ಇಲ್ಲದಾಂವ ನಕ್ಕಂಗ ನಗತಾನ!”

ನನಗೆ ಏನೂ ಕೇಳಿಸಲಿಲ್ಲ. ಸಾಕ್ಷಿಗೆಂದು ಅಡುಗೆಮನೆಯ ಕಡೆ ತಿರುಗಿ ನನ್ನ ಹೆಂಡತಿಯನ್ನು ಕೂಗಿದೆ. ಗಿರಿಜೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ, ಬಾಗಿಲ ಮರೆಯಿಂದಲೇ ಅಂದಳು: “ಅಂವಾ? ಅಂವ ದಿನಾ ನಗತಾನಲ್ರೀ. ಇಷ್ಟ ದಿನ ನಿಮಗ ಕೇಳಿಸಿಲ್ಲೇನು?”

“ನೋಡ್ರಿ ಮತ್ತ, ತಂಗಿಗೂ ಕೇಳಿಸೈತಿ,” ಎಂದು ಮಹಾದೇವಪ್ಪ ಹೇಳಿದ ಧಾಟಿಯನ್ನು ಹೇಗೆ ಬರೆಯಲಿ? ಅದರಲ್ಲಿ ಜಂಭವಿದ್ದಿದ್ದರೆ ಬೈದು ಹಗುರಾಗುತ್ತಿದ್ದೆ. ಇದ್ದದ್ದು ಮರುಕ. ಪೆಟ್ಟಿಗೆ ನನ್ನದು, ಪ್ಲೇಟು ನನ್ನದು, ಹೆಂಡತಿ ನನ್ನವಳು. ಆದರೆ ಆ ಪ್ಲೇಟಿನೊಳಗಿನ ಒಂದು ನಗು ಮಾತ್ರ ಸಿಂಧನೂರಿನವನ ಪಾಲಿಗೆ ಹೋಗಿತ್ತು. ರೊಟ್ಟಿ ಬಡಿಯುವ ಸದ್ದಿನ ನಡುವೆ ಇವಳಿಗೆ ಕೇಳಿಸಿದ್ದು ಎದುರಿಗೆ ಕೂತ ನನಗೇಕೆ ಕೇಳಿಸಲಿಲ್ಲ? ಹೊಟ್ಟೆಯಲ್ಲಿ ಮೆಣಸಿನಕಾಯಿ ಇಳಿದದ್ದು ಆಗಲೇ.

ಮುಂದಿನ ವಾರ ನಾನು ಉಪಾಯ ಮಾಡಿದೆ. ಕೇಳಿಸಿದವರ ಹಾಗೆ ನಟಿಸುವುದು. ಪ್ಲೇಟು ಹಾಕಿ, ಮಹಾದೇವಪ್ಪನ ಹಾಗೆ ಕಣ್ಣು ಮುಚ್ಚಿ, ತುತ್ತೂರಿ ಏರಿದೊಡನೆ ತಲೆದೂಗಿ, ತುಟಿಯ ಮೇಲೆ ಒಂದು ತಿಳಿನಗು ತಂದುಕೊಂಡೆ. ಮಹಾದೇವಪ್ಪ ಕೇಳಿದ: “ಅಂವ ಇನ್ನಾ ನಕ್ಕೇ ಇಲ್ಲಲ್ರೀ. ನೀವ್ಯಾಕ ನಗಾಕತ್ತೀರಿ?”

ಒಳಗೆ ರೊಟ್ಟಿಯ ಸದ್ದು ನಿಂತಿತು. ಆ ಮೌನ ನನಗೆ ಚೆನ್ನಾಗಿಯೇ ಕೇಳಿಸಿತು.

ಆಮೇಲೆ ಪ್ರಯೋಗಗಳು. ಕಚೇರಿಯಲ್ಲಿ ಕಡತಗಳ ಮೇಲೆ ಧೂಳು ಕೂತರೂ ಮನೆಯಲ್ಲಿ ನಾನು ವಿಜ್ಞಾನಿಯಾದೆ. ತಾಮ್ರದ ಕೊಡಕ್ಕೆ ಕಿವಿಯಿಟ್ಟು ಕೇಳಿದೆ. ಕೋಣೆಯ ಗೋಡೆಯ ಆಚೆ ನಿಂತು ಕೇಳಿದೆ. ಗಿರಿಜೆ ಕೂರುವ ಜಾಗದಲ್ಲೇ ಏನಾದರೂ ಗುಟ್ಟಿರಬೇಕೆಂದು ಅವಳನ್ನು ಎಬ್ಬಿಸಿ ಒಲೆಯ ಮುಂದೆ ನಾನು ಕೂತೆ. ಹೊಗೆಗೆ ಕಣ್ಣಲ್ಲಿ ನೀರು ಬಂತು. “ರೊಟ್ಟಿ ನೀವ ಬಡೀತೀರೇನು ಹಂಗಾರ?” ಅಂದಳು. ಖಾಜಾ ಸಾಹೇಬರಿಗೆ ನನ್ನ ಸ್ಥಿತಿ ನೋಡಿ ಕನಿಕರ ಬಂದು, ರಬ್ಬರು ಬಿರಿದು ಮೂಲೆಗೆ ಬಿದ್ದಿದ್ದ, ಡಾಕ್ಟರು ಎದೆಬಡಿತ ಕೇಳುವ ಹಳೆಯ ನಳಿಗೆಯೊಂದನ್ನು ತಂದುಕೊಟ್ಟರು. ಅದನ್ನು ಪೆಟ್ಟಿಗೆಯ ಎದೆಗೆ ಹಚ್ಚಿ ಕೇಳಿದರೆ ಒಳಗಿನ ಸ್ಪ್ರಿಂಗು ನರಳುವುದು ಕೇಳಿಸಿತು.

“ಸಾಹೇಬ್ರ, ಪೇಷಂಟ್ ಬದುಕತಾನೇನ್ರಿ?” ಎಂದು ಮಹಾದೇವಪ್ಪ ಖಾಜಾ ಸಾಹೇಬರನ್ನು ಕೇಳಿದ.

“ಪೆಟ್ಟಿಗಿ ಬದುಕತೈತಿ. ಶರಣಪ್ಪಾರದ ಹೇಳಾಕ ಬರೂದಿಲ್ಲ,” ಅಂದರು ಅವರು.

ದೋಷ ಉಕ್ಕಿನ ಪಿನ್ನಿನದು ಎಂಬುದು ಮಹಾದೇವಪ್ಪನ ವಾದ. ಯುದ್ಧದಿಂದಾಗಿ ಹೊಸ ಪಿನ್ನು ಸಿಗುತ್ತಿರಲಿಲ್ಲ, ನಾನು ಹಳೆಯದನ್ನೇ ಕಲ್ಲಿಗೆ ತೀಡಿ ಹಾಕುತ್ತಿದ್ದೆ. ಅವನು ಒಂದು ಬೆಂಕಿಪೆಟ್ಟಿಗೆಯ ತುಂಬ ಜಾಲಿಮುಳ್ಳು ತಂದ. ಚೆನ್ನಾಗಿ ಒಣಗಿದವು, ಬುಡ ಕತ್ತರಿಸಿ ಪಿನ್ನಿನ ಅಳತೆಗೆ ಮಾಡಿದವು. “ಉಕ್ಕು ಪ್ಲೇಟಿನ ಚರ್ಮಾ ಸುಲೀತೈತ್ರಿ. ಮುಳ್ಳು ಹಂಗಲ್ಲ, ಮೆತ್ತಗ ಮಾತಾಡಸ್ತೈತಿ.” ನಾನು ಒಪ್ಪಲಿಲ್ಲ. ಮುಳ್ಳಿನ ಧ್ವನಿ ಕಂಬಳಿ ಹೊದ್ದವನು ಮಾತಾಡಿದ ಹಾಗಿರುತ್ತದೆ, ತುತ್ತೂರಿಗೆ ಮೊನಚೇ ಪ್ರಾಣ ಎಂದೆಲ್ಲ ಗಂಟೆಗಟ್ಟಲೆ ವಾದಿಸಿದೆ. ಆ ವಾದದಲ್ಲಿ ಒಂದಿಷ್ಟು ಹುರುಳಿತ್ತು ಕೂಡ. ಆದರೆ ನಿಜ ಇಷ್ಟೆ: ಮುಳ್ಳು ಅವನು ತಂದದ್ದು. ಅವನ ಮುಳ್ಳಿನಿಂದ ನನಗೆ ಕೇಳಿಸಿಬಿಟ್ಟರೆ ಆ ನಗುವೂ ಅವನು ಕೊಟ್ಟದ್ದೇ ಆಗುತ್ತಿತ್ತು. ಬೆಂಕಿಪೆಟ್ಟಿಗೆಯನ್ನು ಅವನು ಕಿಟಕಿಯ ಮೇಲೆ ಬಿಟ್ಟು ಹೋದ. ಬೇಕೆಂದೇ ಬಿಟ್ಟನೆಂದು ನನ್ನ ಊಹೆ.

ಬೇಸಿಗೆಯ ಒಂದು ದಿನ ಊಟಕ್ಕೆ ಮನೆಗೆ ಬಂದವನಿಗೆ ತಡೆಯಲಾಗಲಿಲ್ಲ. ಗಿರಿಜೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕಳ್ಳನ ಹಾಗೆ ಒಂದು ಮುಳ್ಳು ತೆಗೆದು ಸಿಕ್ಕಿಸಿದೆ. ಹಸಿರು ಕಾಗದದ ಪ್ಲೇಟು ಹಾಕಿದೆ. ಮೂಳೆಯ ಮೂಲಕವೂ ಧ್ವನಿ ಹೋಗುತ್ತದೆ ಎಂದು ಯಾರೋ ಹೇಳಿದ್ದು ನೆನಪಿತ್ತು. ಹೇಳಿದ್ದು ಯಾರು, ಅಥವಾ ನಾನೇ ಕಲ್ಪಿಸಿಕೊಂಡೆನೋ, ತಿಳಿಯದು. ನೆಲದ ಮೇಲೆ ಮಂಡಿಯೂರಿ, ಪೆಟ್ಟಿಗೆಯ ಮರದ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದು, ಎರಡೂ ಕಿವಿ ಮುಚ್ಚಿ, ಕಣ್ಣೂ ಮುಚ್ಚಿ ಕೂತೆ. ಕಚೇರಿಯ ಕೋಟು ಮೈಮೇಲೇ ಇತ್ತು. ತುತ್ತೂರಿ ನನ್ನ ದವಡೆಯಲ್ಲಿ ಏರಿತು. ತಲೆಬುರುಡೆಯಲ್ಲಿ ಸುತ್ತಿತು. ಇಳಿಯತೊಡಗಿತು. ಆಗ ಕೇಳಿಸಿತು. ಸಣ್ಣಗೆ, ತಡೆದುಕೊಂಡು, ಮೂಗಿನಲ್ಲಿ ಒಡೆದ ಒಂದು ನಗು.

ಬಾಯಿ ಬಿಟ್ಟು ಎದ್ದೆ. ಬಾಗಿಲಲ್ಲಿ ಗಿರಿಜೆ ನಿಂತಿದ್ದಳು, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. “ಕೇಳಿಸ್ತು!” ಎಂದು ಕೂಗಿದೆ. ಅವಳು ನನ್ನನ್ನೂ ಪೆಟ್ಟಿಗೆಯ ಅಂಚಿನ ಹಲ್ಲಿನ ಗುರುತನ್ನೂ ನೋಡಿ, “ಚೊಲೋ ಆತು. ಈಗರ ಕೈ ತೊಳಕೊಂಡು ಊಟಾ ಮಾಡ್ರಿ,” ಅಂದಳು.

ಊಟ ಯಾರಿಗೆ ಬೇಕು? ಪೆಟ್ಟಿಗೆ ತೆರೆದದ್ದು ತೆರೆದಂತೆಯೇ ಬಿಟ್ಟು ಟಪಾಲು ಕಚೇರಿಗೆ ಓಡಿದೆ. ಮಹಾದೇವಪ್ಪನಿಗೆ ಒಂದು ಕಾರ್ಡು ಬರೆದು ಹಾಕಿದೆ: ‘ಕೇಳಿಸಿತು.’ ಮುಳ್ಳಿನ ವಿಷಯ ಬರೆಯಲಿಲ್ಲ. ಅಲ್ಲಿಂದ ಹಾಗೆಯೇ ಕೆಲಸಕ್ಕೆ ಹೋದೆ; ಆ ದಿನ ಕಚೇರಿಯಲ್ಲಿ ಬಂದ ರೈತರೊಂದಿಗೆಲ್ಲ ನಾನು ಎಷ್ಟು ಸಮಾಧಾನದಿಂದ ಮಾತಾಡಿದೆನೆಂದರೆ ಪೇಷ್ಕಾರರು ಮೈ ಹುಷಾರಿಲ್ಲವೇ ಎಂದು ವಿಚಾರಿಸಿದರು. ಸಂಜೆ ಮನೆಗೆ ಬಂದು ನೋಡಿದೆ. ಪಡುವಣ ಕಿಟಕಿಯ ಬಿಸಿಲು ಪೆಟ್ಟಿಗೆಯ ಮೇಲೆ ನೇರವಾಗಿ ಬಿದ್ದು ಹೋಗಿತ್ತು. ನಮ್ಮ ಕಡೆಯ ಬೇಸಿಗೆಯ ಬಿಸಿಲು ಬಿದ್ದ ಅರಗಿನ ಪ್ಲೇಟು ಹೇಗಿರುತ್ತದೆ ಎಂಬುದನ್ನು ಊಹಿಸಿಕೊಳ್ಳಿ. ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ, ಎಣ್ಣೆಗೆ ಬಿಟ್ಟ ಹಪ್ಪಳ.

ರಜೆಯ ದಿನ ಇಬ್ಬರೂ ಬಂದರು. ಮಹಾದೇವಪ್ಪ ಪ್ಲೇಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅಂಚನ್ನು ಬೆರಳಿಂದ ಸವರಿ ಕೆಳಗಿಟ್ಟ. ಅವನ ಕಣ್ಣು ತುಂಬಿದ್ದವೋ ಬಸ್ಸಿನ ಹೊಗೆಗೆ ಕೆಂಪಾಗಿದ್ದವೋ, ನಾನು ಹೇಳಲಾರೆ. ಆಮೇಲೆ ಕೇಳಿದ:

“ಹೋಗ್ಲಿ ಬಿಡ್ರಿ. ಕೇಳಿಸ್ತಲ್ಲ ನಿಮಗ? ತುತ್ತೂರಿ ಇಳಿಯೋ ಮುಂದ, ಒಮ್ಮಿ ನಕ್ಕನೋ ಎರಡ ಸಲ ನಕ್ಕನೋ?”

“ಒಮ್ಮಿ,” ಅಂದೆ.

ಅವನು ಖಾಜಾ ಸಾಹೇಬರ ಮುಖ ನೋಡಿದ. ಅವರು ಮೆಲ್ಲಗೆ ಕೇಳಿದರು: “ಹಲ್ಲಿದ್ದಾಂವ ನಕ್ಕಂಗ ಇತ್ತೋ, ಇಲ್ಲದಾಂವ ನಕ್ಕಂಗ ಇತ್ತೋ?”

ನಾನು ಉತ್ತರ ಕೊಡುವ ಮೊದಲೇ ಗಿರಿಜೆ ಒಳಗಿನಿಂದ ಚಹಾ ತಂದು ಹೊಸ್ತಿಲ ಮೇಲಿಟ್ಟಳು. ಮಾತು ಸಕ್ಕರೆಯ ಅಭಾವದ ಕಡೆ ಹೊರಳಿತು. ಇಬ್ಬರೂ ಮತ್ತೆಂದೂ ಆ ಪ್ರಶ್ನೆ ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಇನ್ನಷ್ಟು ಉರಿಯಿತು.

ಇಂದಿಗೂ ನನ್ನನ್ನು ಕಾಡುತ್ತಿರುವ ಸಂಶಯವನ್ನು ಓದುಗರು ಆಗಲೇ ಹಿಡಿದಿರಬೇಕು. ನನಗೆ ಹೊಳೆಯಲು ಮಾತ್ರ ಕೆಲವು ತಿಂಗಳು ಹಿಡಿದವು. ಕಿವಿ ಮುಚ್ಚಿದ್ದೆ ನಿಜ, ಆದರೆ ಎಷ್ಟು ಬಿಗಿಯಾಗಿ? ಗಿರಿಜೆ ಬಾಗಿಲಿಗೆ ಬಂದದ್ದು ನಾನು ಎದ್ದ ಮೇಲೋ, ಅದಕ್ಕೂ ಮೊದಲೋ? ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು ಎಂದು ಒಮ್ಮೊಮ್ಮೆ ನೆನಪಾಗುತ್ತದೆ, ಆದರೆ ಒದ್ದೆ ಕೈಯಿಂದ ಸೆರಗು ಮುಟ್ಟುವವಳಲ್ಲ ಅವಳು. ಕೊನೆಗೊಮ್ಮೆ ಧೈರ್ಯ ಮಾಡಿ ಕೇಳಿಯೇ ಬಿಟ್ಟೆ.

“ಆವತ್ತ ನೀ ನಕ್ಕಿದ್ದೇನು?”

“ಯಾವತ್ತ?”

“ನಾ ಪೆಟ್ಟಿಗಿ ಕಚ್ಚಿಕೊಂಡು ಕುಂತಿದ್ದೆನಲ್ಲ, ಆವತ್ತ.”

“ನಾ ಯಾಕ ನಗಲಿ? ನಗೂವಂಥಾದ್ದು ಏನಿತ್ತು ಅಲ್ಲಿ?” ಅಂದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಪ್ಲೇಟಿನೊಳಗೆ ಒಬ್ಬ ನಗುತ್ತಿದ್ದನೋ, ಮೂವರೂ ಸೇರಿ ನನ್ನನ್ನು ಆಡಿಸಲು ಅವನನ್ನು ಕಟ್ಟಿದರೋ, ನನಗೆ ಗೊತ್ತಿಲ್ಲ. ಆ ಮಧ್ಯಾಹ್ನ ನನ್ನ ಹಲ್ಲಿನವರೆಗೆ ಬಂದ ನಗು ಅವನದೋ, ನನ್ನ ಹೆಂಡತಿಯದೋ, ಅದೂ ಗೊತ್ತಿಲ್ಲ.