ನಿಪ್ಪಾಣಿಯ ತಗಡಿಗೆ ವಿಮಾನದ ರೆಕ್ಕೆ

ತಗಡು ಬಡಿಯುವವರ ಬಾಗಿಲಿಗೆ ಒಂದು ದಿನ ಗಿರಾಕಿ ಬಾರದೇ ಇರಬಹುದು. ನಗು ಮಾತ್ರ ರಜೆ ಹಾಕುವುದಿಲ್ಲ. ಅದರಲ್ಲೂ ತಗಡು ಬಡಿಯುವವಳು ಹೆಂಗಸಾಗಿ, ಮೇಲೆ ಪುಸ್ತಕ ಓದುವ ಚಟವೂ ಇದ್ದರೆ ಕೇಳುವುದೇ ಬೇಡ.

ನಿಪ್ಪಾಣಿಯಲ್ಲಿ ಹೆದ್ದಾರಿಯ ಪಕ್ಕ ನನ್ನದೊಂದು ಶೆಡ್ಡು ಇದೆ. ಗುದ್ದಿಸಿಕೊಂಡು ಬಂದ ಗಾಡಿಗಳ ತಗ್ಗು ತೆಗೆದು ಬಣ್ಣ ಹೊಡೆಯುವುದರಿಂದ ಶುರು ಮಾಡಿದೆ. ಈಗ ಟೆಂಪೋ, ಟ್ರೇಲರ್, ಯಾವುದಕ್ಕೆ ಬೇಕಾದರೂ ಹೊಸ ಮೈ ಕಟ್ಟಿಕೊಡುತ್ತೇನೆ. ಯಾರೂ ಕಲಿಸಲಿಲ್ಲ, ನಾನೂ ಯಾರ ಕಾಲಿಗೂ ಬೀಳಲಿಲ್ಲ. ಬೋರ್ಡನ್ನೂ ನಾನೇ ಬರೆದೆ: ಡೆಂಟಿಂಗ್, ಪೇಂಟಿಂಗ್, ಬಾಡಿ ಬಿಲ್ಡರ್. ಆ ಕೊನೆಯ ಎರಡು ಪದ ನೋಡಿದರೆ ದೊಡ್ಡ ಮಿಸ್ತ್ರಿಗೆ ಮೈ ಉರಿಯುತ್ತದೆ. ಕೊಲ್ಲಾಪುರ ರಸ್ತೆಗೆ ಎಲ್ಲರಿಗಿಂತ ಹಳೆಯ ಗ್ಯಾರೇಜು ಅವರದು. ನಾವೆಲ್ಲ ಕಾಕಾ ಎನ್ನುತ್ತೇವೆ. ಬೋರ್ಡು ಏರಿಸಿದ ದಿನವೇ ಬಂದು ಹೇಳಿದರು: "ತಂಗಿ, ಬಣ್ಣಾ ಹೊಡಿ, ಬ್ಯಾಡ ಅನ್ನಂಗಿಲ್ಲ. ಬಾಡಿ ಕಟ್ಟೂದು ಗಂಡಸರ ಕೆಲಸ. ಆ ಎರಡ ಮಾತ ಅಳಸು."

ನಾನು ಆ ಎರಡು ಪದಕ್ಕೆ ಕೆಂಪು ಬಣ್ಣದ ಇನ್ನೊಂದು ಕೋಟು ಹೊಡೆದೆ.

ಕೊಲ್ಲಾಪುರದ ರದ್ದಿ ಅಂಗಡಿಯಲ್ಲಿ ಒಂದು ದಪ್ಪ ಚಿತ್ರಪುಸ್ತಕ ಸಿಕ್ಕಿತು. ಓಟದ ಕಾರುಗಳದ್ದು. ಇಂಗ್ಲಿಷು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಒಂದೊಂದೇ ಪದ ಬಿಡಿಸಿ ಓದಿದೆ. ಓದಿದಂತೆ ಬೆರಗಾದೆ. ಆ ಚಂದದ ಕಾರುಗಳೆಲ್ಲ ತಮ್ಮ ಅಂಗಾಂಗಗಳನ್ನು ವಿಮಾನಗಳಿಂದ ಕಡ ತಂದಂಥವು! ಮೂಗು ವಿಮಾನದ್ದು, ಹಿಂದೆ ಎದ್ದು ನಿಂತ ಬಾಲ ವಿಮಾನದ್ದು, ಗಾಳಿ ನುಂಗುವ ದುಂಡು ಬಾಯಿ ವಿಮಾನದ್ದು. ದೊಡ್ಡ ಯುದ್ಧ ಮುಗಿದ ಮೇಲೆ ಕಾರಿನ ಚಿತ್ರ ಬರೆಯುವವರ ಕಣ್ಣೊಳಗೆ ಯುದ್ಧವಿಮಾನಗಳೇ ಕುಳಿತುಬಿಟ್ಟಿದ್ದವಂತೆ. ನನ್ನ ಕಣ್ಣೊಳಗೂ ಕುಳಿತವು. ಮುಂದಿನದೆಲ್ಲ ಅದರ ಫಲ.

ಗಾಳಿಗೆ ಮುಖ ತೋರಿಸಿದ ಟೆಂಪೋ

ಗಾಳಿಯನ್ನು ಎದುರಿಸಬಾರದು, ಸವರಿ ದಾಟಿಸಬೇಕು. ವಿಮಾನದ ಮೂಗು ದುಂಡಗಿರುವುದು ಅದಕ್ಕೇ. ಇದನ್ನು ಓದಿದ ವಾರದಲ್ಲೇ ಸದಲಗಾದಿಂದ ಹಾಲು ಸಾಗಿಸುವ ಒಬ್ಬ ಟೆಂಪೋದವನು ಹೊಸ ಮೈ ಕಟ್ಟಿಸಲು ಬಂದ. ಕ್ಯಾಬಿನ್ನಿನ ನೆತ್ತಿಯ ಮೇಲೆ ತಗಡನ್ನು ಬಗ್ಗಿಸಿ ಬಗ್ಗಿಸಿ ಅಂಥದೊಂದು ಮೂಗು ಕಟ್ಟಿಕೊಟ್ಟೆ. "ಗಾಳಿ ಜಾರಿ ಹೋಕ್ಕೈತಿ, ಡೀಸೆಲ್ ಉಳೀತೈತಿ" ಎಂದೆ.

ಕೆಲವು ದಿನ ಬಿಟ್ಟು ಸಿಟ್ಟಿನಲ್ಲಿ ಬಂದ. "ಅಕ್ಕಾರ, ಡೀಸೆಲ್ ಉಳಿಯೂದ ಬಿಡ್ರಿ, ಮೊದಲಿಗಿಂತ ಜಾಸ್ತಿ ಕುಡ್ಯಾಕತ್ತೈತಿ!"

ಕಾಕಾಗೆ ಸುದ್ದಿ ಮುಟ್ಟಿದರೆ ಬೋರ್ಡು ಅಳಿಸುವ ಬ್ರಶ್ಶು ಅವರೇ ತರುತ್ತಾರೆ. ಹೊರಗೆ ಹೋಗಿ ಟೆಂಪೋ ನೋಡಿದೆ. ನಾನು ಅಷ್ಟು ನಯ ಮಾಡಿದ ಮೂಗಿನ ಮುಂದೆ, ಗಾಳಿಗೆ ನೇರ ಎದುರಾಗಿ, ಬಾಗಿಲಿನಷ್ಟು ದೊಡ್ಡ ಬ್ಯಾನರು ಚೌಕಟ್ಟು ಸಮೇತ ನಿಂತಿತ್ತು. ಅದರಲ್ಲಿ ಅವನ ಊರಿನ ಪುಢಾರಿ ಕೈ ಮುಗಿದು ನಗುತ್ತಿದ್ದರು. ಪಕ್ಕದಲ್ಲಿ ಇವನದೂ ಒಂದು ಸಣ್ಣ ಫೋಟೊ.

"ಇದನ್ಯಾಕೋ ಕಟ್ಟಿದಿ?"

"ಜಾಗಾ ಭಾಳ ಚಂದ ಆಗಿತ್ರಿ. ಖಾಲಿ ಬಿಟ್ರ ಕೆಟ್ಟ ಕಾಣತಿತ್ತು."

"ಮತ್ತ ಗಾಳಿ ಹೆಂಗ ಮುಂದ ಹೋಗಬೇಕು?"

ಅವನು ಪುಢಾರಿಯ ಮುಖ ನೋಡಿದ, ನನ್ನ ಮುಖ ನೋಡಿದ. "ಅವರು ಕೈ ಮುಗದ ನಿಂತಾರಲ್ರಿ ಅಕ್ಕಾರ. ಇಷ್ಟ ಮರ್ಯಾದಿ ಕೊಟ್ಟರೂ ಹೋಗದಿದ್ರ ತಪ್ಪು ಗಾಳೀದು!"

ದಾರದ ಹರಕೆ

ಗಾಳಿ ಕಣ್ಣಿಗೆ ಕಾಣುವುದಿಲ್ಲ. ಮತ್ತೆ ಅದು ಎಲ್ಲಿ ಜಾರುತ್ತದೆ, ಎಲ್ಲಿ ಸುಳಿಯಾಗುತ್ತದೆ ಎಂದು ಅವರಿಗೆ ತಿಳಿದದ್ದು ಹೇಗೆ? ಪುಸ್ತಕದಲ್ಲಿ ಉತ್ತರ ಇತ್ತು: ವಿಮಾನದ ಮೈಗೆ ಉಣ್ಣೆಯ ತುಂಡು ಎಳೆಗಳನ್ನು ಅಂಟಿಸಿ ನೋಡುತ್ತಿದ್ದರಂತೆ. ಗಾಳಿ ನೆಟ್ಟಗೆ ಹರಿದರೆ ಎಳೆ ಮೈಗೆ ಅಂಟಿಕೊಂಡು ಮಲಗುತ್ತದೆ; ಸುಳಿ ಇದ್ದರೆ ಕುಣಿಯುತ್ತದೆ. ಕಾರಿನವರೂ ಆಮೇಲೆ ಅದನ್ನೇ ಕಲಿತರು.

ನಾನೂ ಕಲಿಯಬೇಕು. ನನ್ನ ಹಳೆಯ ವ್ಯಾನಿಗೆ ಮೂಗಿನಿಂದ ಬೆನ್ನಿನ ತನಕ ಕೆಂಪು, ಹಳದಿ ಉಣ್ಣೆ ದಾರದ ಎಳೆ ಅಂಟಿಸಿದೆ. ರಾಯಬಾಗದ ಕಡೆ ರಸ್ತೆ ನೆಟ್ಟಗಿದೆ ಎಂದು ಅಲ್ಲಿಗೆ ಹೋದೆ. ನಮ್ಮ ಅಕ್ಕ ವ್ಯಾನು ಓಡಿಸಿದಳು, ನಾನು ಪಕ್ಕದಲ್ಲೇ ಓಡುತ್ತಿದ್ದ ಬಾಡಿಗೆ ಟೆಂಪೋದಲ್ಲಿ ಕುಳಿತು ಎಳೆಗಳ ಕುಣಿತ ನೋಡಿದೆ. ಬೆನ್ನ ಹಿಂದಿನವು ದೆವ್ವ ಹಿಡಿದಂತೆ ಕುಣಿಯುತ್ತಿದ್ದವು. ಚೌಕಾಗಿ ಕತ್ತರಿಸಿದ ಬೆನ್ನಿನ ಹಿಂದೆ ಗಾಳಿ ಸುಳಿ ಸುತ್ತುತ್ತದೆ ಎಂದು ಓದಿದ್ದು ಕಣ್ಣೆದುರೇ ಕಂಡಿತು. ಖುಷಿಗೆ ಮುಗಳಖೋಡದ ಹತ್ತಿರ ನಿಲ್ಲಿಸಿ ಚಹಾ ಕುಡಿಯಲು ಹೋದೆವು.

ತಿರುಗಿ ಬಂದರೆ ವ್ಯಾನಿನ ಸುತ್ತ ಹೆಂಗಸರು. ಬಾನೆಟ್ಟಿಗೆ ಅರಿಷಿಣ ಕುಂಕುಮ. ಗಾಲಿಯ ಕೆಳಗೆ ನಿಂಬೆಹಣ್ಣು. ಒಬ್ಬ ಅಜ್ಜಿ ತನ್ನ ಸೀರೆಯ ಸೆರಗಿನಿಂದ ಎಳೆ ಕಿತ್ತು ಕನ್ನಡಿಗೆ ಕಟ್ಟುತ್ತಿದ್ದಳು.

"ಯವ್ವಾ, ಇದು ಹರಕಿ ಗಾಡಿ ಅಲ್ಲ!" ಎಂದೆ.

"ಸುಮ್ನಿರು. ಇಷ್ಟ ದಾರ ಸುಳ್ಳ ಯಾರು ಕಟ್ಟತಾರ? ಯಾವ ದೇವರದ್ದು?"

"ಗಾಳೀದಬೇ ಅಜ್ಜಿ, ಗಾಳಿ ನೋಡಾಕ ಕಟ್ಟೇನಿ."

ತಪ್ಪಾಯಿತು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದು ಸೊಸೆಯನ್ನು ಕೂಗಿದಳು: "ಏ, ಕೂಸಿನ ಕರಕೊಂಡ ಬಾ! ನಿನ್ನಿಯಿಂದ ಅಳಾಕತ್ತೈತಲ್ಲ, ಗಾಳಿ ಬಿಡಸಾವರು ಇಲ್ಲೇ ಬಂದಾರ!"

ಕೂಸು ದಾರಗಳನ್ನು ನೋಡಿ ನಕ್ಕಿತು. ಅಲ್ಲಿಂದ ಬಿಡಿಸಿಕೊಂಡು ಬರಲು ನಮಗೆ ಸಂಜೆಯಾಯಿತು. ಅಷ್ಟರಲ್ಲಿ ಇನ್ನೂ ನಾಲ್ಕಾರು ಕೂಸುಗಳು ಸಾಲಿನಲ್ಲಿ ನಿಂತಿದ್ದವು.

ಬಸ್ಸಿನ ಕಿಟಕಿ

ಅಥಣಿ ಕಡೆ ದ್ರಾಕ್ಷಿ ಬೆಳೆದು, ಒಣಗಿಸಿ ಬೇದಾಣಾ ಮಾಡಿ ಮಾರುವ ಮನೆಯ ಮಗನೊಬ್ಬನಿಗೆ ಲಗ್ನ ಗೊತ್ತಾಗಿತ್ತು. ಅವರ ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಹಳೆಯ ಕಾರನ್ನು ಟ್ರಕ್ಕಿಗೆ ಹೇರಿಸಿಕೊಂಡು ಬಂದ. "ಎಲ್ಲಾರೂ ಕುದರಿ ಮ್ಯಾಲ ಮೆರವಣಿಗಿ ಹೋಕ್ಕಾರ್ರಿ. ನಾ ಇಂಥಾದ್ರಾಗ ಹೋಗಾಂವ" ಎಂದು ಮೊಬೈಲಿನಲ್ಲಿ ಒಂದು ಓಟದ ಕಾರು ತೋರಿಸಿದ.

"ತಮ್ಮಾ, ಇದು ಕಾರಲ್ಲ. ನೆಲದ ಮ್ಯಾಲ ಓಡೂ ವಿಮಾನ" ಎಂದೆ. ಒಪ್ಪಿಕೊಂಡೆ. ಜೀವನದಲ್ಲಿ ಇಂಥ ಕೆಲಸ ಎರಡನೇ ಸಲ ಬಾಗಿಲಿಗೆ ಬರುವುದಿಲ್ಲ.

ಹಿಂಬದಿಗೆ ಅಗಲ ರೆಕ್ಕೆ ಕೂರಿಸುವಾಗ ಕಾಕಾ ಬಂದರು. ನೋಡಿ ನಕ್ಕರು. "ರೆಕ್ಕಿ ಹಚ್ಚಿದ್ರ ಗಾಡಿ ಮ್ಯಾಲ ಏಳತೈತಿ ತಂಗಿ. ಮದಿಮಗ ಬೀಗರ ಮನಿ ದಾಟಿ ಕೃಷ್ಣಾ ನದಿಗೆ ಬೀಳತಾನ."

"ಇದು ತಲಿಕೆಳಗ ಮಾಡಿದ ರೆಕ್ಕಿ ಕಾಕಾರ. ವಿಮಾನದ್ದು ಮ್ಯಾಲ ಎತ್ತತೈತಿ. ಅದನ್ನ ಬೋರಲ ಹಾಕಿದ್ರ ನೆಲಕ್ಕ ಒತ್ತತೈತಿ. ಜೋರ ಓಡೂ ಗಾಡಿಗೆ ಹಿಡಿತ ಬರೂದ ಅದರಿಂದ."

"ಹೌದಾ? ಹಂಗಾದ್ರ ಪಂದ್ಯಾ. ನಿನ್ನ ರೆಕ್ಕಿ ಮೆರವಣಿಗ್ಯಾಗ ಗಾಡಿ ನೆಲಕ್ಕ ಒತ್ತಿದ್ರ, ನಿನ್ನ ಬೋರ್ಡ ಕೆಳಗ ನಿಂತು ಆ ಎರಡ ಮಾತ ನಾನ ಬಾಯ್ತುಂಬ ಓದತೀನಿ. ಮುರದ್ರ, ಇಲ್ಲಾ ಎದ್ರ, ಅಳಸಬೇಕು."

"ಆತ್ರಿ" ಎಂದುಬಿಟ್ಟೆ. ಮೆರವಣಿಗೆ ನಡೆಯುವುದು ಆಮೆಯ ವೇಗದಲ್ಲಿ, ಆ ವೇಗಕ್ಕೆ ಯಾವ ರೆಕ್ಕೆಯೂ ಏನನ್ನೂ ಒತ್ತುವುದಿಲ್ಲ ಎಂಬುದು ಮಾತು ಬಾಯಿಂದ ಹೊರಬಿದ್ದ ಮೇಲೆ ಹೊಳೆಯಿತು. ಆದರೆ ಆಡಿದ ಮಾತು ಹಿಂದೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ.

ಮರುದಿನ ಚಿಕ್ಕೋಡಿಗೆ ಹೋಗುವ ಬಸ್ಸಿನಲ್ಲಿ ಕಾಕಾ ಪಕ್ಕದ ಸೀಟಿಗೇ ಸಿಕ್ಕರು. ಈಗಲೇ ತೋರಿಸಿಬಿಡೋಣ ಎಂದು ಕಿಟಕಿಯಾಚೆ ಅಂಗೈ ಚಾಚಿದೆ. "ನೋಡ್ರಿ, ಬೆರಳು ಮ್ಯಾಲ ಮಾಡಿದ್ರ ಗಾಳಿ ಕೈ ಎತ್ತತೈತಿ. ಕೆಳಗ ಮಾಡಿದ್ರ ಒತ್ತತೈತಿ. ನೀವ ಮಾಡಿ ನೋಡ್ರಿ."

ಕಾಕಾ ಅತ್ತಿತ್ತ ನೋಡಿ ಮೆಲ್ಲಗೆ ಕೈ ಹೊರಗಿಟ್ಟರು. ಬೆರಳು ಬಾಗಿಸಿದರು. ಗಾಳಿ ಅವರ ಕೈಯನ್ನು ಸರಕ್ಕನೆ ಕೆಳಗೊತ್ತಿತು.

"ಏ ಹಿರ್ಯಾರ, ಕೈ ಒಳಗ ತಗೋರಿ!" ಎಂದು ಕಂಡಕ್ಟರ್ ಕಿರುಚಿದ. "ಹಾರಾಡೂದಿದ್ರ ಚಿಕ್ಕೋಡ್ಯಾಗ ಇಳದ ಮ್ಯಾಲ ಹಾರಾಡ್ರಿ!"

"ನೋಡಿದ್ರಿಲ್ಲೋ ಕಾಕಾರ, ಕೈ ಇಳೀತು?"

ಕಾಕಾ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು. "ಗಾಳೀದಲ್ಲ ತಂಗಿ. ವಯಸ್ಸಾತು. ತಾನ ಇಳೀತು."

ಗಾಜಿನ ಗುಮ್ಮಟ

ಯುದ್ಧವಿಮಾನದಲ್ಲಿ ಕೂರುವವನಿಗೆ ಸುತ್ತಲೂ ಕಾಣಬೇಕಂತೆ. ಅದಕ್ಕೆ ತಲೆಯ ಮೇಲೆ ಪಾರದರ್ಶಕ ಗುಮ್ಮಟ. ನೀರಿನ ಗುಳ್ಳೆಯನ್ನು ಅರ್ಧ ಕತ್ತರಿಸಿ ಇಟ್ಟ ಹಾಗೆ. ಕೆಲವು ಕಾರಿನವರಿಗೂ ಅದರ ಮೋಹ ಹತ್ತಿತ್ತು. ನನಗೂ ಹತ್ತಿತು. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಬಗ್ಗಿಸಿ ಅಂಥದೇ ಗುಮ್ಮಟ ಮಾಡಿ ಕೂರಿಸಿದೆ. ಮುಟ್ಟಿದರೆ ಬೆರಳಚ್ಚು ಬೀಳುತ್ತದೆಂದು ನಾನೇ ಮುಟ್ಟುತ್ತಿರಲಿಲ್ಲ.

ಮದುಮಗ ನೋಡಲು ಬಂದ, ಜೊತೆಗೆ ಅವನ ತಾಯಿ. ಅವನು ಒಳಗೆ ಕುಳಿತ, ನಾನು ಗುಮ್ಮಟ ಮುಚ್ಚಿದೆ. ರಾಜಕುಮಾರನ ಹಾಗೆ ಕಂಡ. ತಾಯಿ ದೃಷ್ಟಿ ತೆಗೆದರು.

"ಫೇಟಾ ಸುತ್ತಿದ ಮ್ಯಾಲ ಮುಚ್ಚತೈತೇನ್ರಿ?" ಎಂದರು.

ನಾನು ಫೇಟಾ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಾಸಿಂಗವನ್ನೂ. "ಸ್ವಲ್ಪ ಬಗ್ಗಿ ಕುಂತ್ರ ಮುಚ್ಚತೈತ್ರಿ" ಎಂದೆ. ಸೋಲು ಒಪ್ಪುವ ಜಾತಿ ನನ್ನದಲ್ಲ. ಆಕಾರದ ಮಹಿಮೆ ಹೇಳಲು ಶುರು ಮಾಡಿದೆ. ಹೊರಗೆ ಚಳಿ ಬಿಟ್ಟು ಬಿಸಿಲೇರುವ ಹೊತ್ತು. ಒಳಗಿನಿಂದ ಟಕ್ ಟಕ್ ಎಂದು ಬಡಿಯುವ ಸದ್ದು ಬಂತು. ಮೆಚ್ಚಿ ತಾಳ ಹಾಕುತ್ತಿದ್ದಾನೆ ಎಂದುಕೊಂಡು ಮುಂದುವರಿಸಿದೆ. ಗುಮ್ಮಟದ ಒಳಮೈಗೆ ಹಬೆ ಕಟ್ಟಿ ಅವನ ಮುಖವೇ ಮರೆಯಾದಾಗ ಓಡಿಹೋಗಿ ತೆರೆದೆ. ಸ್ನಾನ ಮಾಡಿದವನ ಹಾಗೆ ಹೊರಬಂದ.

ಅವನ ತಾಯಿ ಸೆರಗಿನಿಂದ ಮಗನ ಮುಖ ಒರೆಸುತ್ತ ಹೇಳಿದರು: "ಅಕ್ಕಾರ, ನಾವು ದ್ರಾಕ್ಷಿ ಒಣಗಸೂ ಮಂದಿ. ಇದರಾಗ ಕುಂಡ್ರಿಸಿ ಮಂಟಪದ ತನಕಾ ಒಯ್ದ್ರ ಹೊರಗ ಬರಾಂವ ಮದಿಮಗ ಅಲ್ರಿ, ಬೇದಾಣಾ!"

ಗುಮ್ಮಟ ತೆಗೆದೆ. ಅದು ಈಗ ನಮ್ಮ ಮನೆಯಲ್ಲಿ ಹಪ್ಪಳ ಒಣಗಿಸುತ್ತದೆ. ಅರ್ಧ ದಿನ ಸಾಕು.

ಮಾವ ಕುಳಿತ ರೆಕ್ಕೆ

ಲಗ್ನದ ದಿನ ಕಾರು ಟ್ರಕ್ಕಿನಿಂದ ಇಳಿದಾಗ ಬ್ಯಾಂಡಿನವರು ಬಾರಿಸುವುದು ಬಿಟ್ಟು ನೋಡಿದರು. ವಿಮಾನದ ಮೂಗು, ದುಂಡು ಬಾಯಿ, ಹಿಂದೆ ಎರಡು ಕಾಲಿನ ಮೇಲೆ ನಿಂತ ಅಗಲ ರೆಕ್ಕೆ. ನನ್ನ ಎದೆ ಉಬ್ಬಿತು. ಕಾಕಾನೂ ಬಂದಿದ್ದರು, ಕರೆದಿದ್ದರೋ ಇಲ್ಲವೋ, ಪಂದ್ಯ ನೋಡಲು ಬಂದಿದ್ದರು.

ಓಟದ ಕಾರಿಗೆ ಎರಡೇ ಸೀಟು. ಚಾಲಕ ಒಂದರಲ್ಲಿ, ಮದುಮಗ ಒಂದರಲ್ಲಿ. ಸರಿಯಾಗಿದೆ ಎಂದುಕೊಂಡೆ. ಅಷ್ಟರಲ್ಲಿ ಜನ ಬಿಡಿಸಿಕೊಂಡು ಸೋದರಮಾವ ಬಂದರು. ದಿಗ್ಗೇವಾಡಿಯವರು, ಕಬ್ಬಿನ ಗದ್ದೆಯ ಒಡೆಯರು. ಮೈಕಟ್ಟು ಬೆಲ್ಲದ ಪೆಂಟೆಯ ಹಾಗೆ.

"ನಾ ಎಲ್ಲಿ ಕುಂಡ್ರಲಿ?"

ಎಲ್ಲರೂ ನನ್ನ ಕಡೆ ನೋಡಿದರು. ಆ ಮನೆಯಲ್ಲಿ ಸೋದರಮಾವ ಜೊತೆಗೆ ಕೂರದೆ ಮದುಮಗನ ಗಾಡಿ ಹೊರಡುವ ಪದ್ಧತಿ ಇಲ್ಲ. ಅಷ್ಟು ದಪ್ಪ ಪುಸ್ತಕ ಪೂರ್ತಿ ಓದಿದ್ದೆ. ಅದರಲ್ಲಿ ಸೋದರಮಾವನ ಬಗ್ಗೆ ಒಂದು ಸಾಲೂ ಇರಲಿಲ್ಲ.

"ಅಂದ್ರ ನನಗ ಜಾಗಾ ಇಟ್ಟಿಲ್ಲ?" ಮಾವನ ದನಿ ಏರಿತು. "ನಾ ದಿಗ್ಗೇವಾಡಿಗೆ ಹೊಂಟೆ. ಲಗ್ನಾ ನೀವ ಮಾಡ್ಕೋರಿ."

ಮದುಮಗನ ತಾಯಿಯ ಕಣ್ಣಲ್ಲಿ ನೀರು. ಕಾಕಾ ಮೀಸೆಯೊಳಗೇ ನಗುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮಾವನ ಕಣ್ಣು ರೆಕ್ಕೆಯ ಮೇಲೆ ಬಿತ್ತು. ಅಗಲ ಇತ್ತು. ನಯ ಇತ್ತು. ಎಲ್ಲರಿಗಿಂತ ಎತ್ತರದಲ್ಲಿತ್ತು. ಅವರ ಮುಖ ಅರಳಿತು.

"ಅಲ್ಲಲೇ, ನನಗ ಅಂತನ ಕುಂಡ್ರಾಕ ಬ್ಯಾರೆ ಕಟ್ಟಿ ಕಟ್ಟ್ಯಾರ! ಬಾಯಿಬಿಟ್ಟ ಹೇಳಬಾರದಾ?"

"ಮಾವಾರ, ಅದು ಕುಂಡ್ರೂದಲ್ರಿ, ಅದು ಗಾಳಿಗೆ..." ನನ್ನ ಮಾತು ಬ್ಯಾಂಡಿನಲ್ಲಿ ಮುಳುಗಿತು. ನಾಲ್ಕು ಜನ ಕೈಕೊಟ್ಟು ಎತ್ತಿದರು. ಮಾವ ಫೇಟಾ ಸರಿಮಾಡಿಕೊಂಡು ರೆಕ್ಕೆಯ ಮೇಲೆ ಕುಳಿತರು.

ನಾನು ಬಗ್ಗಿ ರೆಕ್ಕೆಯ ಕಾಲುಗಳನ್ನೇ ನೋಡಿದೆ. ರೆಕ್ಕೆಯ ಕಾಲು ಬಾಗಿದರೆ ಮಾವ ನೆಲಕ್ಕೆ, ಲಗ್ನ ಮುರಿಯುವ ಮಾತು, ನನ್ನ ಬೋರ್ಡು ಅಲ್ಲಿಗೆ ಮುಗಿಯಿತು. ಕಟ್ಟುವಾಗ ನನ್ನ ಅಕ್ಕ ಬೈದಿದ್ದಳು: ತೋರಿಕೆಯ ರೆಕ್ಕೆಗೆ ಕಬ್ಬಿನ ಟ್ರೇಲರಿನ ಕಬ್ಬಿಣ ಯಾಕೆ ಎಂದು. ನನಗೆ ತೋರಿಕೆಗೆ ಕಟ್ಟಿ ಗೊತ್ತಿಲ್ಲ. ಕಬ್ಬಿಣ ಒಮ್ಮೆ ಕುಂಯ್ ಎಂದಿತು. ನಿಂತಿತು.

ಆದರೆ ಕಾರಿನ ಹಿಂಭಾಗ ಕುಸಿದು ನೆಲಕ್ಕೆ ತಾಗುವಷ್ಟಾಯಿತು, ಮುಂಭಾಗ ಮೂಗೆತ್ತಿತು. ಥೇಟ್ ನೆಲ ಬಿಡಲು ಹೊರಟ ವಿಮಾನ. ಹಾಗೆಯೇ ಆಕಾಶ ನೋಡುತ್ತ ಮೆರವಣಿಗೆ ಹೊರಟಿತು.

"ನೋಡ ತಂಗಿ, ಎದ್ದೈತಿ!" ಕಾಕಾ ಮುಂದಿನಿಂದ ಕೂಗಿದರು.

"ಹಿಂದ ಬರ್ರಿ ಕಾಕಾರ! ರೆಕ್ಕಿ ನೆಲಕ್ಕ ಒತ್ತೈತಿ!"

"ಒತ್ತಿದ್ದು ರೆಕ್ಕಿ ಅಲ್ಲ, ಮಾವ!"

"ಮಾವ ಎದರ ಮ್ಯಾಲ ಅದಾರ?"

ಮಂಟಪದ ತನಕ ಇದೇ ಜಗಳ. ಲಗ್ನ ಸಾಂಗವಾಯಿತು, ಪಂದ್ಯ ಮಾತ್ರ ತೀರಲಿಲ್ಲ. ಕಾಕಾ ಬೋರ್ಡು ಓದಲಿಲ್ಲ; ನಾನು ಅಳಿಸಲಿಲ್ಲ. ಆಮೇಲೆ ಕಾಗವಾಡದಿಂದ ಒಬ್ಬರು, ರಾಯಬಾಗದಿಂದ ಒಬ್ಬರು ಶೆಡ್ಡಿಗೆ ಬಂದು ತಮ್ಮ ಗಾಡಿಗೂ 'ಮಾವನ ಕಟ್ಟಿ' ಹಚ್ಚಿಕೊಡಿ ಎಂದರು. ಅದಕ್ಕೆ ರೆಕ್ಕೆ ಎನ್ನುತ್ತಾರೆ ಎಂದು ತಿದ್ದಿದೆ. ವಿಮಾನದ ಕಥೆಯನ್ನೆಲ್ಲ ಹೇಳಿದೆ. ಕೇಳಿ ತಲೆದೂಗಿದರು. "ಹೌದ್ರಿ ಅಕ್ಕಾರ. ಹಂಗಾದ್ರ ಕಟ್ಟಿ ಯಾವಾಗ ಆಕೈತಿ?"

ಮೊನ್ನೆ ಕಾಕಾ ಬಂದರು. ಚಹಾ ತರಿಸಿದೆ. ಮಳೆಯ ಮಾತಾಡಿದರು, ಬೆಲ್ಲದ ಮಾತಾಡಿದರು. ಕೊನೆಗೆ ನೆಲ ನೋಡುತ್ತ ಹೇಳಿದರು: "ಮೊಮ್ಮಗನ ಲಗ್ನಾ ಐತಿ ತಂಗಿ. ಅದೊಂದು ಬೇಕಾಗಿತ್ತು."

"ಯಾವುದ್ರಿ?"

"ಅದ. ಹಿಂದ ಹಚ್ಚೂದು."

"ಅದು ಬಾಡಿ ಕಟ್ಟೂ ಕೆಲಸ ಕಾಕಾರ. ಇಲ್ಲಿ ಆಕೈತೋ ಇಲ್ಲೋ, ಬೋರ್ಡ ಓದಿ ನೋಡ್ರಿ."

ಕಾಕಾ ನನ್ನನ್ನು ದಿಟ್ಟಿಸಿದರು. ನಾನೂ ದಿಟ್ಟಿಸಿದೆ. ಚಹಾ ಆರಿತು. ಎದ್ದು ಹೊರಗೆ ಹೋಗಿ ಬೋರ್ಡಿನ ಕೆಳಗೆ ನಿಂತರು. ಕನ್ನಡಕ ಏರಿಸಿದರು. "ಡೆಂಟಿಂಗ್" ಎಂದರು. "ಪೇಂಟಿಂಗ್" ಎಂದರು. ಕೆಮ್ಮಿದರು. ಆಮೇಲೆ ಹೆದ್ದಾರಿಯ ಟ್ರಕ್ಕಿನ ಸದ್ದನ್ನೂ ಮೀರಿಸಿ, ನಮ್ಮ ಶೆಡ್ಡಿನವರೆಲ್ಲ ಸುತ್ತಿಗೆ ಕೆಳಗಿಡುವಂತೆ ಕೂಗಿದರು: "ಬಾಡಿ ಬಿಲ್ಡರ್!"

ಒಳಗೆ ಬಂದು ಕುಳಿತು, ಆರಿದ ಚಹಾ ಒಂದೇ ಗುಟುಕಿಗೆ ಕುಡಿದು ಹೇಳಿದರು: "ಓದಿದೆ. ಇನ್ನ ರೆಕ್ಕಿ ಸ್ವಲ್ಪ ಅಗಲ ಮಾಡ ತಂಗಿ. ನಮ್ಮ ಮೊಮ್ಮಗಗ ಸೋದರಮಾವಂದಿರು ಮೂರು ಮಂದಿ!"