ಬ್ರೇಕ್ ಮಷಿನ್, ಲಿಫ್ಟು ಮತ್ತು ನಮ್ಮವ್ವ

ಹೊಸ ಯಂತ್ರದ ಮುಂದೆ ನಿಂತಾಗಲೆಲ್ಲ ನಾನು ಬೆರಗಾಗಿ ಬಾಯಿ ತೆರೆಯುತ್ತೇನೆ, ಹಿಂದೆಯೇ ಮಾನವೂ ಹೋಗುತ್ತದೆ. ಬಾಗಲಕೋಟೆಯಲ್ಲಿ ವಾಹನ ತಪಾಸಣೆಯ ಗ್ಯಾರೇಜು ತೆರೆಯಲು ನಾನು, ಮಾಮಾ ಸೇರಿ ಯಂತ್ರ ಆರಿಸಲು ಹೊರಟಾಗಲೂ ಅದೇ ಆಯಿತು. ನಾನು ಹದಿನೆಂಟು ವರ್ಷದಿಂದ ಮೆಕ್ಯಾನಿಕ್. ಮಾಮಾ ನನ್ನ ಅಕ್ಕನ ಗಂಡ, ನಿವೃತ್ತ ವಿಜ್ಞಾನ ಮಾಸ್ತರು.

೧. ಹುನಗುಂದದ ರೋಲರು

ಬ್ರೇಕ್ ಪರೀಕ್ಷಿಸಲು ನೆಲದಲ್ಲಿ ಹುದುಗಿಸಿದ ರೋಲರುಗಳ ಮೇಲೆ ನನ್ನ ಕಾರು ನಿಲ್ಲಿಸಿದೆ. ಗಾಡಿ ನಿಂತಲ್ಲೇ ನಿಂತಿದೆ, ಗಾಲಿ ಮಾತ್ರ ಗರಗರ ತಿರುಗುತ್ತಿವೆ! ಮೈ ಜುಂ ಎಂದಿತು. ಬ್ರೇಕ್ ಒತ್ತಿದೆ. ಎದುರಿನ ಮೀಟರಿನಲ್ಲಿ ಎಡಗಾಲಿಯ ಮುಳ್ಳು ಸರ್ರನೆ ಏರಿತು, ಬಲಗಾಲಿಯದು ಅರ್ಧಕ್ಕೇ ನಿಂತಿತು.

"ಬಲಕ್ಕ ಬ್ರೇಕ್ ಹಿಡಿಯವಲ್ಲದು. ಯಾರ ಕಡಿಂದ ಮಾಡಿಸೀರಿ?" ಯಂತ್ರ ತೋರಿಸುವವನು ಕೇಳಿದ.

ಮೊನ್ನೆಯಷ್ಟೇ ನಾನೇ ಮಾಡಿದ್ದೆ.

ಮಾಮಾ ನನ್ನ ಮುಖವನ್ನೇ ನೋಡುತ್ತ ಅಂದರು: "ಭಾಳ ಖರೆ ಹೇಳೂ ಮಷಿನ್ ಐತಿ. ಇದನ್ನ ತಗೊಳ್ಳೂಣು."

೨. ಬಾದಾಮಿಯ ತಗಡು

ಬ್ರೇಕ್ ಮಷಿನ್ನಿನ ಇನ್ನೊಂದು ನಮೂನೆಯೂ ಇದೆ ಎಂದರು ಅಲ್ಲಿಯ ಅಂಗಡಿಯವರು. ನೆಲಕ್ಕೆ ಹಾಸಿದ ತಗಡಿನ ಮೇಲೆ ಗಾಡಿ ತಂದು ಗಕ್ಕನೆ ಬ್ರೇಕ್ ಹಾಕಬೇಕು; ಹಿಡಿತ ಎಷ್ಟೆಂದು ತಗಡೇ ಅಳೆಯುತ್ತದೆ. ಪಟ್ಟದಕಲ್ಲಿಗೆ ಮಂದಿಯನ್ನು ಒಯ್ಯುವ ಒಬ್ಬ ಹಿರಿಯ ಜೀಪ್ ಡ್ರೈವರನ್ನು ಕರೆದೆವು. ಮೂರು ಸಲ ಬಂದ. ಮೂರೂ ಸಲ ತಗಡಿಗೆ ಸರಿಯಾಗಿ ಒಂದು ಗೇಣು ಹಿಂದೆಯೇ ನಿಂತ.

"ಯಾಕ್ರಿ ಕಾಕಾ?"

"ಕನ್ನಡಿ ಹಂಗ ಹೊಳ್ಯಾಕತ್ತೈತಿ, ಕೆಸರಿನ ಗಾಲಿ ಹ್ಯಾಂಗ ಏರಸ್ಲಿ? ಬ್ರೇಕ್ ಚಲೋ ಅದಾವಂತ ಬರಕೊಳ್ರಿ!"

ಮಾಮಾ ಬೆರಗಾಗಿ ಬರೆದುಕೊಂಡೇಬಿಟ್ಟರು.

೩. ಇಳಕಲ್ಲಿನ ಲಿಫ್ಟು

ಸೀರೆ ಕೊಳ್ಳಲು ಅವ್ವನೂ ಜೊತೆಗೆ ಬಂದಿದ್ದಳು. ಅಂಗಡಿಗೆ ಹೋಗಿರಬೇಕೆಂದು, ಕಾರಿನ ಕೀಲಿಯನ್ನು ಲಿಫ್ಟಿನವನಿಗೆ ಕೊಟ್ಟು ನಾವು ಗಾಡಿ ಎತ್ತುವ ಲಿಫ್ಟಿನ ಕಡೆ ನಡೆದೆವು. ಅವನು ಬಟನ್ ಒತ್ತಿದ್ದೇ, ಎರಡು ಕಂಬಗಳ ನಡುವೆ ನಮ್ಮ ಕಾರು ಹಗುರಾಗಿ ಮೇಲೆದ್ದಿತು. ಹದಿನೆಂಟು ವರ್ಷ ಗೋಣಿಚೀಲದ ಮೇಲೆ ಅಂಗಾತ ಮಲಗಿ ನೋಡಿದ ಗಾಡಿಯ ತಳವನ್ನು ಅಂದು ಮೊದಲ ಸಲ ನಿಂತು ನೋಡಿದೆ. ಕಣ್ಣು ತುಂಬಿ ಬಂದವು.

ಆಗ ಮೇಲಿನಿಂದ ದನಿ ಬಂತು: "ಲೇ, ಗಾಡಿ ಎತ್ತಾಗ ಹೊಂಟೈತಿ?"

ಅವ್ವ! ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಲಿಫ್ಟಿನವನು ಗಡಬಡಿಸಿ ಇಳಿಸುವ ಬಟನ್ ಒತ್ತಿದ; ಗಾಡಿ ಒಂದಿಷ್ಟು ಇಳಿಯಿತು. "ಅಲುಗಾಡಬ್ಯಾಡ ಬೇ!" ಎಂದು ನಾನು ಚೀರಿದೆ.

ಅವ್ವ ಕಿಟಕಿಯಿಂದ ಕಾಂಪೌಂಡ್ ಗೋಡೆಯಾಚೆ ಕಣ್ಣರಳಿಸಿ ನೋಡುತ್ತಿದ್ದಳು.

"ತಡೀರಿ, ಇಳಸಬ್ಯಾಡ್ರಿ! ನಿಮ್ಮ ಚಿಕ್ಕವ್ವ ಮೊಣಕಾಲ ಬ್ಯಾನಿ ಅಂತ ನಮ್ಮನಿ ಕಾರ್ಯಕ್ಕ ಬರಲಿಲ್ಲಲಾ? ಇಲ್ಲಿ ತನ್ನ ಮನಿ ಮಾಳಿಗಿ ಮ್ಯಾಲೆ ಕೋಲು ಹಿಡಕೊಂಡು, ಜಿಗದು ಜಿಗದು ಮಂಗ್ಯಾನ ಬೆನ್ನ ಹತ್ಯಾಳ! ನೀವು ಇಳಿಸಿದ್ರಿ, ಈಗ ಗ್ವಾಡಿ ಅಡ್ಡ ಬಂತು... ಏ ತಮ್ಮಾ, ಇನ್ನೊಂದೀಟ ಎತ್ತೋ!"