ನಲವತ್ತಕ್ಕೆ ಎರಡು ಕಡಿಮೆ

ಪರೀಕ್ಷೆ ಎಂದರೆ ನನಗೆ ಎಂದೂ ಭಯವಿಲ್ಲ. ಶಾಲೆಯಲ್ಲಿ ಹಿಂದೆ ಬಿದ್ದವನಲ್ಲ. ಆಮೇಲೂ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾ, ಊರವರ ತಪ್ಪು ಹುಡುಕಿಯೇ ಅನ್ನ ತಿಂದವನು. ಹಾಗಾಗಿ ವೈದ್ಯಕೀಯ ಮಂಡಳಿಯವರು ನನ್ನ ಪೋಲಿಯೋ ಕಾಲನ್ನು ಪರೀಕ್ಷಿಸುತ್ತಾರೆ, ಅಂಗವಿಕಲತೆ ಶೇಕಡ ನಲವತ್ತು ಬಂದರೆ ಮಾಸಾಶನ ಸಿಗುತ್ತದೆ ಎಂದು ತಿಳಿದಾಗ ನಕ್ಕುಬಿಟ್ಟೆ. ನಲವತ್ತು ಯಾವ ಲೆಕ್ಕ!

ಮಾಸಾಶನ ಬೇಕೇ ಬೇಕಿತ್ತು. ಮುದ್ರಣಾಲಯ ಬಾಗಿಲು ಹಾಕಿತ್ತು, ನನ್ನ ಮಂಡಿ ಸವೆದಿತ್ತು, ಹೆಂಡತಿ ಸುಶೀಲಳ ಹೊಲಿಗೆ ಯಂತ್ರವೊಂದೇ ಮನೆ ನಡೆಸುತ್ತಿತ್ತು.

ಇಲ್ಲಿ ನಮ್ಮವ್ವನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಚಿಕ್ಕಂದಿನಲ್ಲಿ ನಾನು ಪೋಲಿಯೋ ಬಡಿದ ಎಡಗಾಲು ಕುಸಿಯದಂತೆ ತೊಡೆಗೆ ಕೈಯೂರಿ, ಬಗ್ಗಿ ಬಗ್ಗಿ ನಡೆಯುತ್ತಿದ್ದೆ. ಹಳ್ಳಿಯಿಂದ ಮೈಸೂರಿನ ಕುಂಬಾರಕೊಪ್ಪಲಿಗೆ ಬಂದು ನೆಲೆಸಿದ ಅವ್ವನಿಗೆ, ಪೇಟೆಯವರು ಮಗನನ್ನು ನೋಡಿ ‘ಅಯ್ಯೋ ಪಾಪ’ ಎನ್ನುವುದು ಸಹಿಸಲಾಗುತ್ತಿರಲಿಲ್ಲ. ದರ್ಜಿಗೆ ಹೇಳಿ ನನ್ನ ಚಡ್ಡಿಯ ಎಡಜೇಬನ್ನು ಅಂಚಿನವರೆಗೂ ಇಳಿಸಿದಳು. ಕೈ ಜೇಬಿನೊಳಗೆ, ಒಳಗಿಂದಲೇ ತೊಡೆ ಒತ್ತಿ ನಡೆಯುವುದು. ಬೀದಿಯಲ್ಲಿ ಇನ್ನೂ ಹೆಂಗಸರು ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ನಮ್ಮ ತಾಲೀಮು ಶುರುವಾಗುತ್ತಿತ್ತು. ಅವ್ವ ಹಿಂದೆ ಹಿಂದೆಯೇ ಬರುತ್ತಾ, “ನೆಟ್ಟಗೆ ನಡಿ ಮಗ, ಬೀದಿ ನಿಂದೇಯ” ಎನ್ನುತ್ತಿದ್ದಳು. ಚೆನ್ನಾಗಿ ನಡೆದ ದಿನ ಮೂಲೆಯ ಹೋಟೆಲಿನಲ್ಲಿ ನನಗೆ ಬೆಣ್ಣೆ ದೋಸೆ. ತನಗೆ ಹಸಿವಿಲ್ಲ ಎಂದು ಎದುರಿಗೆ ಕುಳಿತು ನಾನು ತಿನ್ನುವುದನ್ನೇ ನೋಡುತ್ತಿದ್ದಳು. ಆ ಬೆಣ್ಣೆಯ ವಾಸನೆ ಈಗಲೂ ಒಮ್ಮೊಮ್ಮೆ ಮೂಗಿಗೆ ಬರುತ್ತದೆ, ಅವ್ವ ಬೇಕು ಅನ್ನಿಸುತ್ತದೆ.

ಕಾಲೇಜಿಗೆ ಬರುವ ಹೊತ್ತಿಗೆ ನನ್ನ ನಡಿಗೆ ಜನರ ಕಣ್ಣಿಗೆ ಸ್ಟೈಲಾಗಿಬಿಟ್ಟಿತ್ತು. ಸುಶೀಲ ಹೆಣ್ಣು ನೋಡುವ ಶಾಸ್ತ್ರದ ದಿನ ಬಾಗಿಲ ಸಂದಿಯಿಂದ ನೋಡಿ, ಹುಡುಗ ಜೇಬಿನಿಂದ ಕೈ ತೆಗೆಯುವುದಿಲ್ಲ, ಭಾರಿ ಗತ್ತು ಎಂದುಕೊಂಡಳಂತೆ. ಕಾಲಿನ ವಿಷಯ ಹಿರಿಯರು ಮೊದಲೇ ಹೇಳಿದ್ದರೂ, ಜೇಬಿನ ಕೈಗೂ ಆ ಕಾಲಿಗೂ ನಂಟಿದೆ ಎಂದು ಅವಳಿಗೆ ಹೊಳೆದಿರಲಿಲ್ಲ.

ಇಂಥ ತರಬೇತಿ ಪಡೆದವನು ಮಂಡಳಿಯ ಮುಂದೆ ಹೋದೆ. ಇಸ್ತ್ರಿ ಮಾಡಿದ ಪ್ಯಾಂಟು, ಕೈ ಜೇಬಿನಲ್ಲಿ. ಕಾಯುವ ಸಾಲಿನಲ್ಲಿ ನನ್ನ ಕುರ್ಚಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟೆ. ವೈದ್ಯರು ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದರು. ಮೆಟ್ಟಿಲು ಹತ್ತಲು ಕಷ್ಟವೇ ಎಂದು ಕೇಳಿದರು. ಸಾಯುತ್ತಿದ್ದರೂ ‘ಚೆನ್ನಾಗಿದ್ದೀನಿ’ ಎನ್ನುವುದು ನಮ್ಮ ಮೈಸೂರಿನವರ ಮರ್ಯಾದೆ. “ಏನೂ ತೊಂದ್ರೆ ಇಲ್ಲ ಸಾರ್, ನಿಮ್ಮ ಆಶೀರ್ವಾದ” ಎಂದೆ. ಕಾಲಿನಿಂದ ಅವರ ಅಂಗೈಯನ್ನು ಒತ್ತಲು ಹೇಳಿದರು. ಪರೀಕ್ಷೆ ಅಂದಮೇಲೆ ಬಿಡುತ್ತೇನೆಯೇ? ಹಲ್ಲು ಕಚ್ಚಿ, ಬೆವರು ಕಿತ್ತುಕೊಂಡು ಬರುವ ಹಾಗೆ ಒತ್ತಿದೆ. ಪರವಾಗಿಲ್ಲವಲ್ಲ ಎಂದರು. ನಾನು ಥ್ಯಾಂಕ್ಸ್ ಹೇಳಿ ಬಂದೆ.

ಬಂದದ್ದು ಮೂವತ್ತೆಂಟು. ಚೆನ್ನಾಗಿ ಬರೆದು ಫೇಲಾದ ಏಕೈಕ ವಿದ್ಯಾರ್ಥಿ ನಾನು!

ಪಕ್ಕದ ಮನೆಯ ಶಿವಣ್ಣನವರು ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿದ್ದವರು. ಈ ತೀರ್ಮಾನದ ಮೇಲೆ ಮೇಲಿನ ಮಂಡಳಿಗೆ ಮೇಲ್ಮನವಿ ಹಾಕಬಹುದು, ಆದರೆ ಗಡುವಿಗೆ ಇನ್ನೊಂದೇ ವಾರ ಉಳಿದಿದೆ ಎಂದರು. ಹಾಕುವುದೋ ಬಿಡುವುದೋ? ಹಾಕದಿದ್ದರೆ ಮಾಸಾಶನವಿಲ್ಲ. ಹಾಕಿದರೆ, ಅವ್ವ ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ನಾನೇ ಹೋಗಿ ಅಪರಿಚಿತರ ಮುಂದೆ ಬಿಚ್ಚಿಡಬೇಕು. ಒಂದು ದಿನ ಹಾಕೋಣ ಎನ್ನುವುದು, ಮರುದಿನ ಬೇಡ ಎನ್ನುವುದು. ಶಿವಣ್ಣನವರಿಗೆ ಬೇಜಾರಾಗಿ, ಮೊದಲು ಮನೆಯಲ್ಲೇ ಕೈ ಬಿಟ್ಟು ನಡೆಯುವ ಅಭ್ಯಾಸ ಮಾಡಿ ಎಂದರು.

ಅಂದೇ ಸಂಜೆ ನಡುಮನೆಯಲ್ಲಿ ಮಂಡಳಿ ಸೇರಿತು. ಅಧ್ಯಕ್ಷತೆ ಸುಶೀಲಳದ್ದು. ಶಿವಣ್ಣನವರು ಕಾಫಿ ಕುಡಿಯುತ್ತಾ ಸದಸ್ಯರಾಗಿದ್ದರು. ನಾನು ಜೇಬಿನಿಂದ ಕೈ ತೆಗೆದು, ಗೋಡೆ ಹಿಡಿದು, ಮುಖ ಹಿಂಡಿ, ಸೊಂಟ ಅಲ್ಲಾಡಿಸಿ, ಕಲ್ಲು ಕರಗುವ ಹಾಗೆ ಕುಂಟುತ್ತಾ ಬಂದೆ.

“ರೀ, ನೀವು ಕುಂಟ್ತಿರೋದು ಬಲಗಾಲಲ್ಲಿ” ಎಂದಳು ಸುಶೀಲ.

ಶಿವಣ್ಣನವರ ಕಾಫಿ ಅವರ ಪಂಚೆಯ ಮೇಲಾಯಿತು. ಅವರು ಪಂಚೆ ಬದಲಾಯಿಸಲು ಹೋದ ಮೇಲೆ ನಾನು ಮೂಲೆಯಲ್ಲಿ ಕುಳಿತೆ. ಇದೆಲ್ಲ ಬೇಡ, ಅವ್ವ ಇದ್ದಿದ್ದರೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ ಎಂದೆ. ಸುಶೀಲ ಹೊಲಿಯುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

“ಅತ್ತೆ ಮಲಗಿದ್ದಲ್ಲೇ ಆದ್ಮೇಲೆ ಒಂದಿನ ನನ್ಹತ್ರ ಏನಂದ್ರು ಗೊತ್ತೇನ್ರೀ? ‘ಮನೇಲಾದ್ರೂ ಅವನು ಕುಂಟ್ಕೊಂಡು ಓಡಾಡ್ಲಿ ಬುಡವ್ವ. ನಾನು ಬೋ ಬಿಗಿಯಾಗಿ ಹಿಡಿದ್ಬುಟ್ಟೆ’ ಅಂದ್ರು. ನಿಮಗೆ ಹೇಳಿದ್ರೆ ನೊಂದ್ಕೋತೀರ ಅಂತ ಸುಮ್ನಿದ್ದೆ.”

ನನಗೆ ಅಳು ಬಂತು, ಅತ್ತುಬಿಟ್ಟೆ. ಸುಶೀಲ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು, ನಾಟಕವೆಲ್ಲ ಯಾಕೆ, ರಾತ್ರಿ ಯಾರೂ ನೋಡದಾಗ ಬಚ್ಚಲಿಂದ ಹಾಸಿಗೆಗೆ ಹೇಗೆ ಬರುತ್ತೀರೋ ಹಾಗೆ ಅವರ ಮುಂದೆ ನಡೆದರೆ ಸಾಕು ಎಂದಳು. ಮರುದಿನವೇ ಮೇಲ್ಮನವಿ ಹಾಕಿದೆವು.

ಮೇಲಿನ ಮಂಡಳಿಯಲ್ಲಿ ಒಬ್ಬ ಹಿರಿಯ ವೈದ್ಯೆ ಇದ್ದರು. ಕಿಟಕಿಯವರೆಗೆ ನಡೆದು ಬನ್ನಿ ಎಂದರು. ಜೇಬಿನಿಂದ ಕೈ ತೆಗೆದೆ. ಬಯಲಿನಲ್ಲಿ ಬಟ್ಟೆಯಿಲ್ಲದೆ ನಿಂತಂತಾಯಿತು. ಕಿಟಕಿಯೇನು, ಅವರ ಮೇಜನ್ನೂ ದಾಟಲಿಲ್ಲ, ಮಂಡಿ ಕುಸಿದು ಕೆಳಗೆ ಕುಳಿತುಬಿಟ್ಟೆ. ಅವ್ವ ಕಲಿಸಿದ ಆ ಕೈ ಇಷ್ಟು ವರ್ಷ ಎಷ್ಟು ಭಾರ ಹೊತ್ತಿತ್ತು ಎಂದು ಆ ನೆಲದ ಮೇಲೆ ಕುಳಿತಾಗ ತಿಳಿಯಿತು. ವೈದ್ಯೆಯೇ ಬಂದು ಎಬ್ಬಿಸಿ, ಇಷ್ಟು ದಿನ ಹೇಗೆ ನಡೆಯುತ್ತಿದ್ದಿರಿ ಎಂದು ಕೇಳಿದರು.

“ನಮ್ಮವ್ವ ನಡೆಸ್ತಿದ್ರು ಮೇಡಂ” ಎಂದೆ.

ಅವರು ಕಾಲನ್ನು ನಿಧಾನವಾಗಿ, ಎರಡೆರಡು ಸಲ ಪರೀಕ್ಷಿಸಿದರು. ಹೊರಗಿದ್ದ ಸುಶೀಲಳನ್ನೂ ಒಳಗೆ ಕರೆದು, ಐವತ್ತೈದು ಎಂದು ಬರೆದಿದ್ದೇನೆ, ಮಾಸಾಶನಕ್ಕೆ ಇನ್ನು ತೊಂದರೆಯಿಲ್ಲ ಎಂದರು. ಸುಶೀಲ ಕೈ ಮುಗಿದಳು. ನಾನೂ ಕೈ ಮುಗಿದು ತೆಪ್ಪಗೆ ಬರಬೇಕಿತ್ತು. ಆದರೆ ಐವತ್ತೈದು ಎಂದು ಕೇಳಿದ್ದೇ ತಡ, ಒಳಗಿದ್ದ ಹಳೆಯ ಗತ್ತು ಎದ್ದು ಕೂತಿತು.

“ಮೇಡಂ, ಅಷ್ಟೊಂದು ಇಲ್ಲ ಅನ್ಸುತ್ತೆ. ನಲವತ್ತಕ್ಕೆ ಮಾಡ್ಕೊಡಿ, ಸಾಕು.”

ಸುಶೀಲ ನನ್ನ ಚೆನ್ನಾಗಿದ್ದ ಕಾಲನ್ನು ಬಲವಾಗಿ ತುಳಿದಳು. ಹೊರಗೆ ಬರುವಾಗ ನಾನು ಎರಡೂ ಕಾಲಲ್ಲಿ ಕುಂಟುತ್ತಿದ್ದೆ.